ಕೊನೆಯ ಹಳ್ಳಿಯಿಂದ ಲೆಕ್ಕ ಶುರು ಮಾಡಿದ ಸಾರಾಭಾಯಿ

ಕರ್ನಾಟಕದಲ್ಲಿ ಟಿ.ವಿ. ಮೊದಲು ಎಲ್ಲಿಗೆ ಬಂತು ಎಂದು ಕೇಳಿದರೆ ಹೆಚ್ಚಿನವರು ಬೆಂಗಳೂರು ಎನ್ನುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರು ಇದನ್ನು ಬರೆದಿಟ್ಟುಕೊಳ್ಳಿ: ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು, 1977ರಲ್ಲಿ, ಗುಲ್ಬರ್ಗಕ್ಕೆ ಟಿ.ವಿ. ಪ್ರಸಾರ ಬಂದಿತ್ತು. ಅದಕ್ಕೂ ಮುಂಚೆ, 1975ರಲ್ಲೇ, ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳ ಜನ ಉಪಗ್ರಹದಿಂದ ನೇರವಾಗಿ ಬಂದ ಟಿ.ವಿ. ಕಾರ್ಯಕ್ರಮ ನೋಡಿದ್ದರು. ನಮ್ಮ ಯಾದಗಿರಿ, ಶಹಾಪುರ, ಸುರಪುರ ಆಗ ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳು. ಹಿಂದುಳಿದ ಭಾಗ ಎಂಬ ಹಣೆಪಟ್ಟಿ ಹೊತ್ತ ನಮ್ಮ ಕಡೆಗೆ ಮೊದಲ ಪಾಳಿ ಸಿಕ್ಕಿದ್ದು ಆಕಸ್ಮಿಕವಲ್ಲ. ಅದು ಡಾ. ವಿಕ್ರಂ ಸಾರಾಭಾಯಿ ಅವರು ಯೋಚಿಸಿದ ರೀತಿಯ ಫಲ.

ವಿಕ್ರಂ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಬಟ್ಟೆ ಗಿರಣಿಗಳ ಮಾಲೀಕರು, ತಾಯಿ ಸರಳಾದೇವಿ. ಗಾಂಧೀಜಿ, ಟ್ಯಾಗೋರ್ ಬಂದುಹೋಗುತ್ತಿದ್ದ ಮನೆ ಅದು. ಗಿರಣಿಯ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದರೂ ಅವರ ಜೀವನ ಸುಖವಾಗಿಯೇ ಸಾಗುತ್ತಿತ್ತು. ಅವರು ಕೇಂಬ್ರಿಜ್‌ಗೆ ಹೋಗಿ ವಿಜ್ಞಾನ ಓದಿದರು. ಎರಡನೇ ಮಹಾಯುದ್ಧ ಶುರುವಾಗಿ ಭಾರತಕ್ಕೆ ಮರಳಿದಾಗ ಸೇರಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು. ಅಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಬಗ್ಗೆ ಸಂಶೋಧನೆ ನಡೆಸಿದರು. ಹೋಮಿ ಭಾಭಾ ಕೂಡ ಆಗ ಅಲ್ಲೇ ಇದ್ದರು. 1942ರಲ್ಲಿ ನೃತ್ಯಗಾರ್ತಿ ಮೃಣಾಲಿನಿ ಅವರನ್ನು ಮದುವೆಯಾದರು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದರು.

ಅದೇ ವರ್ಷ ನವೆಂಬರ್‌ನಲ್ಲಿ, ಅಹಮದಾಬಾದಿನ ಒಂದು ಕಾಲೇಜಿನ ಕೆಲವೇ ಕೋಣೆಗಳಲ್ಲಿ ಭೌತಿಕ ಸಂಶೋಧನಾ ಪ್ರಯೋಗಾಲಯ ಆರಂಭಿಸಿದಾಗ ಅವರಿಗೆ ಇನ್ನೂ 28 ವರ್ಷ. ಮುಂದೆ ಜವಳಿ ಸಂಶೋಧನಾ ಸಂಸ್ಥೆ, ಐಐಎಂ ಅಹಮದಾಬಾದ್ ಹೀಗೆ ಸಂಸ್ಥೆಗಳ ಸಾಲೇ ನಿಂತಿತು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಚರ್ಚ್ ಕಟ್ಟಡವೇ ಅಲ್ಲಿ ಕಚೇರಿ, ರಾಕೆಟ್ ಭಾಗ ಸಾಗಿಸಲು ಸೈಕಲ್! ಈ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಇಷ್ಟು ಕಥೆ ಪಠ್ಯಪುಸ್ತಕಗಳಲ್ಲೂ ಸಿಗುತ್ತದೆ. ನಮ್ಮ ಭಾಗಕ್ಕೆ ಸೇರಿದ ಕಥೆ ಶುರುವಾಗುವುದು ಇದರ ಮುಂದೆ.

ಆಕಾಶದಲ್ಲಿ ಭಾರ, ನೆಲದಲ್ಲಿ ಹಗುರ

ಆ ಕಾಲಕ್ಕೆ ಟಿ.ವಿ. ಹಬ್ಬುತ್ತಿದ್ದ ಕ್ರಮ ಎಲ್ಲ ಕಡೆಯೂ ಒಂದೇ. ಮೊದಲು ದೊಡ್ಡ ನಗರ, ಆಮೇಲೆ ಸಣ್ಣ ಪಟ್ಟಣ, ಕೊನೆಗೆ ಹಳ್ಳಿ. ಆ ಕ್ರಮದಲ್ಲಿ ನಮ್ಮಂಥ ಊರುಗಳ ಪಾಳಿ ಬರಲು ಹತ್ತಾರು ವರ್ಷ ಬೇಕಿತ್ತು. ಸಾರಾಭಾಯಿ ಈ ಸಾಲನ್ನೇ ತಿರುಗಿಸಿದರು. ಬೇಸಾಯ, ಆರೋಗ್ಯ, ಶಾಲಾ ಪಾಠದ ಮಾಹಿತಿ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೆ ಅದು ಮೊದಲು ತಲುಪಬೇಕು ಎಂಬುದು ಅವರ ವಾದ. 1967ರಲ್ಲಿ ದೆಹಲಿ ಸುತ್ತಲಿನ 80 ಹಳ್ಳಿಗಳಲ್ಲಿ ರೈತರಿಗಾಗಿ ಟಿ.ವಿ. ಕಾರ್ಯಕ್ರಮದ ಪ್ರಯೋಗ ನಡೆಯಿತು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಉಪಗ್ರಹ ಅವರದು, ಒಂದು ವರ್ಷದ ಮಟ್ಟಿಗೆ ಎರವಲು. ನೆಲದ ಮೇಲಿನ ಉಪಕರಣ, ಕಾರ್ಯಕ್ರಮ, ದುರಸ್ತಿ ಎಲ್ಲ ನಮ್ಮದು.

ಇಲ್ಲಿಯ ಎಂಜಿನಿಯರಿಂಗ್ ಲೆಕ್ಕ ನನಗೆ ಬಹಳ ಇಷ್ಟ. ಸಂಕೇತ ಕಳಿಸುವ ಕಡೆ ಶಕ್ತಿ ಕಡಿಮೆಯಿದ್ದರೆ ಹಿಡಿಯುವ ಕಡೆ ದೊಡ್ಡ, ದುಬಾರಿ ಆಂಟೆನಾ ಬೇಕು. ಸಾವಿರಾರು ಹಳ್ಳಿಗೆ ಅಂಥದ್ದನ್ನು ಕೊಡುವುದು ಆಗದ ಮಾತು. ಎಟಿಎಸ್-6 ಎಂಬ ಆ ಉಪಗ್ರಹಕ್ಕೆ ಸುಮಾರು 9 ಮೀಟರ್ ಅಗಲದ, ಬಾಹ್ಯಾಕಾಶದಲ್ಲಿ ಛತ್ರಿಯಂತೆ ಬಿಚ್ಚಿಕೊಳ್ಳುವ ಆಂಟೆನಾ ಇತ್ತು. ಭಾರವನ್ನೆಲ್ಲ ಆಕಾಶ ಹೊತ್ತಿದ್ದರಿಂದ ಹಳ್ಳಿಯಲ್ಲಿ 3 ಮೀಟರ್ ಅಗಲದ, ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯ ಬುಟ್ಟಿ ಸಾಕಾಯಿತು. ರಂಧ್ರ ತುಂಬಿದ ಜಾಲರಿ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಬಹುದು. ಸಂಕೇತದ ಆವರ್ತನ 860 ಮೆಗಾಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದರ ಮುಂದೆ ಜಾಲರಿಯ ಕಣ್ಣು ಬಹಳ ಚಿಕ್ಕದು. ಹಾಗಾಗಿ ಅಲೆಗೆ ಆ ಜಾಲರಿ ಗಟ್ಟಿ ತಗಡಿನಂತೆಯೇ ಕಾಣುತ್ತದೆ. ಗಾಳಿ ಮಾತ್ರ ಹಾಯ್ದು ಹೋಗುತ್ತದೆ. ತೂಕವೂ ಕಡಿಮೆ, ಖರ್ಚೂ ಕಡಿಮೆ. ಈ ಸೆಟ್‌ಗಳನ್ನು ತಯಾರಿಸಿದ್ದು ಹೈದರಾಬಾದಿನ ಇಸಿಐಎಲ್.

ಇದನ್ನೆಲ್ಲ ಸಾರಾಭಾಯಿ ಕಣ್ಣಾರೆ ನೋಡಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತಂಗಿದ್ದಾಗ ನಿಧನರಾದರು. ವಯಸ್ಸು ಬರೀ 52. ಆದರೆ ಅವರು ಬೆಳೆಸಿದ ತಂಡ ಕೈಚೆಲ್ಲಲಿಲ್ಲ. 1975ರ ಆಗಸ್ಟ್ 1ರಂದು 'ಸೈಟ್' ಎಂಬ ಹೆಸರಿನ ಆ ಪ್ರಯೋಗ ಶುರುವಾಯಿತು. ಆರು ರಾಜ್ಯ, 20 ಜಿಲ್ಲೆ, ಸುಮಾರು 2400 ಹಳ್ಳಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ, ಒಟ್ಟು ದಿನಕ್ಕೆ ನಾಲ್ಕು ಗಂಟೆ. ಕನ್ನಡ, ಹಿಂದಿ, ತೆಲುಗು, ಒರಿಯಾ ಭಾಷೆಗಳಲ್ಲಿ ಕಾರ್ಯಕ್ರಮ. 1976ರ ಜುಲೈ 31ಕ್ಕೆ ಅವಧಿ ಮುಗಿದು ಉಪಗ್ರಹ ಹಿಂದಕ್ಕೆ ಹೋಯಿತು. ಆ ಹಳ್ಳಿಗಳನ್ನು ಅರ್ಧಕ್ಕೆ ಕೈಬಿಡಬಾರದೆಂದು ತಂದ ನೆಲದ ಪ್ರಸಾರ ಕೇಂದ್ರಗಳಲ್ಲಿ ಒಂದೇ 1977ರ ಗುಲ್ಬರ್ಗ ಕೇಂದ್ರ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ಯಾರಾದರೂ ಆ ಜಾಲರಿ ಬುಟ್ಟಿ ಕಂಡಿರಬಹುದು.

ಇವತ್ತಿನ ರೂಟರಿಗೂ ಅದೇ ಲೆಕ್ಕ

ಇಂದು ನಮ್ಮ ಮೊಬೈಲಿನ 4ಜಿ ಸಂಕೇತ ಬಳಸುವ ಬ್ಯಾಂಡ್‌ಗಳಲ್ಲಿ ಒಂದು 850 ಮೆಗಾಹರ್ಟ್ಸ್. ಅಂದಿನ 860ರ ಪಕ್ಕದ ಮನೆ! ಎಲೆಕ್ಟ್ರಾನಿಕ್ಸ್ ಓದುತ್ತೇನೆ ಎಂದರೆ ಸಾಕು, ಪ್ರವಾಸದ ಟೆಂಪೊ, ಕ್ಯಾರವಾನ್ ಇಟ್ಟುಕೊಂಡವರು ಯಾವ ರೂಟರ್ ಕೊಳ್ಳಲಿ, ಮೇಲೆ ಯಾವ ಆಂಟೆನಾ ಕೂರಿಸಲಿ ಎಂದು ಕೇಳುತ್ತಾರೆ. ಸಾರಾಭಾಯಿ ಲೆಕ್ಕ ಇಲ್ಲೂ ನಡೆಯುತ್ತದೆ. ಜಾಹೀರಾತಿನಿಂದ ಶುರು ಮಾಡದೆ, ದಾರಿಯಲ್ಲಿ ಸಂಕೇತ ಅತಿ ಕಡಿಮೆ ಇರುವ ಜಾಗದಿಂದ ಶುರು ಮಾಡಬೇಕು.

ಶಹಾಪುರದ ಮಲಗಿದ ಬುದ್ಧನ ಬೆಟ್ಟವಾಗಲಿ, ಸುರಪುರದ ಗುಡ್ಡಗಳಾಗಲಿ ರೇಡಿಯೊ ಅಲೆಗೆ ಅಡ್ಡಗೋಡೆಯೇ. ಅಂಥ ಕಡೆ ಯಾವ ಕಂಪನಿಯ ಸಂಕೇತ, ಯಾವ ಬ್ಯಾಂಡ್‌ನಲ್ಲಿ ಸಿಗುತ್ತದೆ ಎಂದು ಮೊದಲು ಫೋನಿನಲ್ಲೇ ನೋಡಬೇಕು. 700, 850, 900ರ ಕೆಳ ಬ್ಯಾಂಡ್‌ಗಳು ದೂರ ಹೋಗುತ್ತವೆ. ಮೇಲಿನ ಬ್ಯಾಂಡ್‌ಗಳಿಗೆ ವೇಗ ಹೆಚ್ಚು, ಹರವು ಕಡಿಮೆ. ರೂಟರ್ ಈ ಬ್ಯಾಂಡ್‌ಗಳನ್ನು ಹಿಡಿಯುವಂತಿರಬೇಕು. ಎರಡು ಸಿಮ್‌ಗೆ ಜಾಗ, ಹೊರಗಿನ ಆಂಟೆನಾ ಜೋಡಿಸುವ ಕಿಂಡಿ, ವಾಹನದ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಗುಣ ಇದ್ದರೆ ಒಳ್ಳೆಯದು. ಓಡುವ ವಾಹನಕ್ಕೆ ಎಲ್ಲ ದಿಕ್ಕಿನಿಂದ ಹಿಡಿಯುವ ಆಂಟೆನಾ ಬೇಕು. ನಿಂತಲ್ಲಿ ಮಾತ್ರ ಬಳಸುವುದಾದರೆ ಟವರಿನ ಕಡೆ ತಿರುಗಿಸಿಡುವ ಆಂಟೆನಾ ಹೆಚ್ಚು ಕೆಲಸ ಮಾಡುತ್ತದೆ. ಕೇಬಲ್ ಗಿಡ್ಡ ಇದ್ದಷ್ಟೂ ನಷ್ಟ ಕಡಿಮೆ. ಬೂಸ್ಟರ್ ಎಂಬ ಹೆಸರಿನಲ್ಲಿ ಮಾರುವ ಪೆಟ್ಟಿಗೆಯಿಂದ ದೂರವಿರಿ. ಅನುಮತಿಯಿಲ್ಲದೆ ಅದನ್ನು ಅಳವಡಿಸುವುದು ಕಾನೂನುಬಾಹಿರ, ಸುತ್ತಲಿನವರ ಕರೆಗೂ ಅಡ್ಡಿ. ಇನ್ನೊಂದು ಮಾತು ನೆನಪಿರಲಿ: ಸಂಕೇತವೇ ಇಲ್ಲದ ಕಡೆ ಎಷ್ಟೇ ದುಬಾರಿ ಆಂಟೆನಾ ಕೂರಿಸಿದರೂ ಅದು ಸಂಕೇತ ಹುಟ್ಟಿಸಲಾರದು.

ಅಲ್ಲಿಗೇ ಸಾರಾಭಾಯಿ ನಮಗೆ ಮತ್ತೆ ಬೇಕಾಗುತ್ತಾರೆ. ಕ್ಯಾರವಾನಿನವರು ಸಂಕೇತ ಇರುವ ಊರಿಗೆ ವಾಹನ ಓಡಿಸಿಕೊಂಡು ಹೋಗಬಹುದು. ಹಳ್ಳಿಯ ಮನೆಯಲ್ಲಿ ಕೂತು ಅರ್ಜಿ ತುಂಬುವ, ಪ್ರವೇಶಪತ್ರ ಇಳಿಸಿಕೊಳ್ಳುವ ನಮ್ಮ ಗೆಳೆಯರು ಎಲ್ಲಿಗೆ ಹೋಗಬೇಕು? ಕೊನೆಯ ದಿನ ಪುಟ ತೆರೆಯದಿದ್ದರೆ ಹೋಗುವುದು ಇಡೀ ವರ್ಷ. ಅವರಿಗೆ ಸಂಕೇತ ತಲುಪಿಸುವ ಲೆಕ್ಕವನ್ನು ಯಾರೋ ಎಂಜಿನಿಯರ್ ಕೂತು ಹಾಕಲೇಬೇಕು. ನಾಳೆ ನಮ್ಮಲ್ಲಿ ಕೆಲವರು ದೂರಸಂಪರ್ಕ ಕಂಪನಿಗೆ, ಇಸ್ರೋಗೆ, ಸರ್ಕಾರಿ ಇಲಾಖೆಗೆ ಸೇರುತ್ತೇವೆ. ನಕ್ಷೆ ಬಿಡಿಸಿ ಯಾವ ಊರಿನಿಂದ ಕೆಲಸ ಶುರು ಮಾಡೋಣ ಎಂದು ಕೇಳಿದಾಗ, ನಮ್ಮ ಬೆರಳು ನಗರದ ಮೇಲೆ ಬೀಳುವ ಮೊದಲು ಕೊನೆಯ ಹಳ್ಳಿಯ ಮೇಲೆ ಬೀಳಲಿ. ಐವತ್ತು ವರ್ಷದ ಹಿಂದೆ ನಮ್ಮ ಹಳ್ಳಿಗಳ ಪಾಳಿ ಮೊದಲು ಬಂದದ್ದು ಒಬ್ಬರು ಹಾಗೆ ಬೆರಳಿಟ್ಟಿದ್ದರಿಂದ.