ಗಂಟೆ ಹೊಡೆಯದ ಕಾರ್ಡು: ಹರ್ಮನ್ ಹೊಲೆರಿತ್ ಕಥೆ ಮತ್ತು ‘ಕಂಪ್ಯೂಟರ್ ತಪ್ಪು ಮಾಡಲ್ಲ’ ಎಂಬ ನಂಬಿಕೆ

ಕಂಪ್ಯೂಟರ್ ಹೇಳಿದ ಮೇಲೆ ಮುಗೀತು, ಅದು ಸರಿಯಾಗೇ ಇರುತ್ತೆ ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ಈಗ ಕಂಪ್ಯೂಟರ್ ಜಾಗಕ್ಕೆ ಎಐ ಬಂದಿದೆ, ನಂಬಿಕೆ ಮಾತ್ರ ಹಾಗೇ ಇದೆ.

ಆದರೆ ಮೆಷಿನ್ ಲರ್ನಿಂಗ್ ಕಲಿಯಲು ಹೊರಟವರನ್ನು ಕೇಳಿ ನೋಡಿ. ಡೇಟಾ ಫೈಲ್ ಕೊಟ್ಟು ಮಾಡೆಲ್‌ಗೆ ಕಲಿಸಲು ಹೋದ ಮೊದಲ ದಿನವೇ ಪರದೆ ತುಂಬ ಎರರ್. ಸಂಖ್ಯೆ ಇರಬೇಕಾದ ಕಡೆ ಅಕ್ಷರ ಇದೆ, ಇಲ್ಲಿ ಖಾಲಿ ಇದೆ, ಅಲ್ಲಿ ಸಾಲುಗಳ ಲೆಕ್ಕ ಹೊಂದುತ್ತಿಲ್ಲ ಎಂಬ ದೂರುಗಳು. ಇದು ಹೊಸ ಕಾಲದ ತಲೆನೋವು ಎಂದು ನಾವು ಅಂದುಕೊಂಡರೆ ತಪ್ಪು. ಸುಮಾರು 135 ವರ್ಷಗಳ ಹಿಂದೆಯೇ ಒಬ್ಬರು ಇದರ ಜೊತೆ ಗುದ್ದಾಡಿದ್ದರು. ಅವರ ಹೆಸರು ಹರ್ಮನ್ ಹೊಲೆರಿತ್.

ಯಾರು ಈ ಹೊಲೆರಿತ್?

ಹೊಲೆರಿತ್ ಹುಟ್ಟಿದ್ದು 1860ರ ಫೆಬ್ರವರಿ 29ರಂದು, ಅಮೆರಿಕದ ಬಫಲೋ ನಗರದಲ್ಲಿ. ತಂದೆ ತಾಯಿ ಜರ್ಮನಿಯಿಂದ ಬಂದವರು. 1879ರಲ್ಲಿ ಕೊಲಂಬಿಯಾದ ಗಣಿ ಎಂಜಿನಿಯರಿಂಗ್ ಶಾಲೆಯಲ್ಲಿ ಓದು ಮುಗಿಸಿ, 1880ರ ಅಮೆರಿಕದ ಜನಗಣತಿಯಲ್ಲಿ ಕೆಲಸಕ್ಕೆ ಸೇರಿದರು.

ಆಗ ಆ ದೇಶದ ಜನಸಂಖ್ಯೆ 5 ಕೋಟಿ ದಾಟಿತ್ತು. ಗುಮಾಸ್ತರು ಕಾಗದದ ಮೇಲೆ ಗೀಟು ಹಾಕಿ ಹಾಕಿ ಎಣಿಸುತ್ತಿದ್ದರು. ಎಲ್ಲ ವಿವರ ಹೊರಬರಲು ಏಳೆಂಟು ವರ್ಷ ಹಿಡಿಯಿತು. ಹೀಗೇ ಆದರೆ ಒಂದು ಗಣತಿ ಮುಗಿಯುವಷ್ಟರಲ್ಲಿ ಇನ್ನೊಂದು ಬಂದುಬಿಡುತ್ತದೆ ಎಂಬ ಭಯ ಶುರುವಾಯಿತು. ಇದಕ್ಕೊಂದು ಯಂತ್ರ ಇರಬೇಕು ಎಂಬ ಯೋಚನೆಯನ್ನು ಹೊಲೆರಿತ್ ತಲೆಗೆ ಹಾಕಿದವರು, ಗಣತಿಯಲ್ಲಿ ಸಾವಿನ ಅಂಕಿಅಂಶ ನೋಡಿಕೊಳ್ಳುತ್ತಿದ್ದ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್.

ಮೊದಲು ಹೊಲೆರಿತ್ ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಹಾಕಿ ನೋಡಿದರು. ಆದರೆ ನಡುವಿನ ಒಂದು ವಿವರ ಬೇಕೆಂದರೆ ಇಡೀ ಪಟ್ಟಿಯನ್ನು ಎಳೆಯಬೇಕಿತ್ತು. ಆಮೇಲೆ ಒಬ್ಬ ವ್ಯಕ್ತಿಗೆ ಒಂದು ಕಾರ್ಡು ಎಂದು ಬದಲಿಸಿದರು. ರೈಲಿನಲ್ಲಿ ಕಂಡಕ್ಟರ್ ಟಿಕೆಟ್‌ಗೆ ತೂತು ಹಾಕುವುದನ್ನು ನೋಡಿದ್ದು ಅವರಿಗೆ ನೆರವಾಯಿತು. ವಯಸ್ಸು, ಲಿಂಗ, ಮದುವೆ, ಕೆಲಸ ಹೀಗೆ ಪ್ರತಿ ಉತ್ತರಕ್ಕೂ ಕಾರ್ಡಿನಲ್ಲಿ ಒಂದು ನಿಗದಿತ ಜಾಗ. ಇದನ್ನೇ ನಾವು ಇವತ್ತು ಡೇಟಾ ಫಾರ್ಮ್ಯಾಟ್ ಎನ್ನುತ್ತೇವೆ.

1889ರಲ್ಲಿ ಮೂರು ವಿಧಾನಗಳ ನಡುವೆ ಪರೀಕ್ಷೆ ನಡೆಯಿತು. ಸೇಂಟ್ ಲೂಯಿಸ್ ನಗರದ 10,491 ಜನರ ವಿವರವನ್ನು ಎಣಿಸಬೇಕಿತ್ತು. ವಿವರ ತುಂಬಿದ ಮೇಲೆ ಪಟ್ಟಿ ಮಾಡಲು ಉಳಿದ ಇಬ್ಬರಿಗೆ 44 ಗಂಟೆ ಮತ್ತು 55 ಗಂಟೆಗೂ ಹೆಚ್ಚು ಬೇಕಾಯಿತು. ಹೊಲೆರಿತ್ ಯಂತ್ರ ಐದೂವರೆ ಗಂಟೆಯಲ್ಲಿ ಮುಗಿಸಿತು. 1890ರ ಗಣತಿಯ ಗುತ್ತಿಗೆ ಅವರದಾಯಿತು.

ಎರರ್ ಬಂದರೆ ಗಂಟೆ ಇಲ್ಲ

ಯಂತ್ರದ ಕೆಲಸ ಹೀಗಿತ್ತು. ಗುಮಾಸ್ತರು ಕಾರ್ಡನ್ನು ಇಟ್ಟು ಹಿಡಿಕೆ ಒತ್ತಿದರೆ ಮೇಲಿನಿಂದ ಸೂಜಿಗಳು ಇಳಿಯುತ್ತವೆ. ತೂತು ಇದ್ದಲ್ಲಿ ಸೂಜಿ ಕೆಳಗಿನ ಪಾದರಸದ ಬಟ್ಟಲು ಮುಟ್ಟಿ ವಿದ್ಯುತ್ ಹರಿಯುತ್ತದೆ, ಸಂಬಂಧಪಟ್ಟ ಮುಳ್ಳು ಒಂದು ಮನೆ ಮುಂದೆ ಹೋಗುತ್ತದೆ. ಕಾರ್ಡು ಸರಿಯಾಗಿ ದಾಖಲಾದರೆ ಒಂದು ಗಂಟೆ ಹೊಡೆಯುತ್ತದೆ. ಇರಲೇಬೇಕಾದ ತೂತು ಇಲ್ಲದಿದ್ದರೆ ಅಥವಾ ಕಾರ್ಡು ಸರಿಯಾಗಿ ಕೂರದಿದ್ದರೆ ಗಂಟೆ ಇಲ್ಲ. ಗುಮಾಸ್ತರು ಅದನ್ನು ಪಕ್ಕಕ್ಕೆ ತೆಗೆದು ಪರಿಶೀಲಿಸಬೇಕು.

ಇನ್ನೂ ಎರಡು ಸರಳ ಉಪಾಯಗಳಿದ್ದವು. ಕಾರ್ಡಿನ ಒಂದು ಮೂಲೆ ಕತ್ತರಿಸಿತ್ತು. ಕಟ್ಟಿನಲ್ಲಿ ಒಂದು ಕಾರ್ಡು ತಲೆಕೆಳಗಾಗಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಒಂದೇ ಪ್ರದೇಶದ ಕಾರ್ಡುಗಳಿಗೆಲ್ಲ ಒಂದೇ ಜಾಗದಲ್ಲಿ ತೂತು. ಕಟ್ಟಿನೊಳಗೆ ತಂತಿ ತೂರಿಸಿದಾಗ ಅದು ತಡೆದು ನಿಂತರೆ, ಬೇರೆ ಊರಿನ ಕಾರ್ಡು ಸೇರಿಕೊಂಡಿದೆ ಎಂದರ್ಥ.

ಮಾಡೆಲ್ ಕೊಡುವ ಎರರ್ ಕೂಡ ಈ ಹೊಡೆಯದ ಗಂಟೆಯೇ. ಅದು ಬೈಗುಳವಲ್ಲ, ನಿಂತು ನೋಡಿ ಎಂಬ ಸೂಚನೆ.

ನಂಬಿಕೆ: 8 ವರ್ಷದ ಕೆಲಸ 6 ವಾರದಲ್ಲಿ ಮುಗಿಯಿತು

ಹೊಲೆರಿತ್ ಬಗ್ಗೆ ಹರಿದಾಡುವ ಕಥೆಗಳಲ್ಲಿ ಇದೇ ಹೆಚ್ಚು. ಇದು ಅರ್ಧ ಸತ್ಯ. ಸುಮಾರು ಆರು ವಾರದಲ್ಲಿ ಬಂದದ್ದು ಒಟ್ಟು ತಲೆ ಎಣಿಕೆ ಮಾತ್ರ: 6,26,22,250. ಅದಕ್ಕೆ ಮನೆಯಲ್ಲಿ ಎಷ್ಟು ಜನ ಎಂಬುದನ್ನು ಕೀಲಿ ಒತ್ತಿ ದಾಖಲಿಸಿದರೆ ಸಾಕಿತ್ತು, ಒಬ್ಬೊಬ್ಬರ ಕಾರ್ಡು ಬೇಕಿರಲಿಲ್ಲ. ಪೂರ್ತಿ ವಿವರಗಳ ಪ್ರಕಟಣೆಗೆ ಮುಂದೆ ಹಲವು ವರ್ಷ ಹಿಡಿಯಿತು.

ಮತ್ತೊಂದು ತಮಾಷೆ. ಇನ್ನೂ ದೊಡ್ಡ ಸಂಖ್ಯೆ ನಿರೀಕ್ಷಿಸಿದ್ದ ಅನೇಕರು ಯಂತ್ರವೇ ತಪ್ಪು ಎಂದು ಗಲಾಟೆ ಮಾಡಿದರು. ಬೇಕಾದ ಉತ್ತರ ಬಂದರೆ ಯಂತ್ರ ಸರಿ, ಬರದಿದ್ದರೆ ತಪ್ಪು ಎನ್ನುವ ಅಭ್ಯಾಸವೂ ಹೊಸದಲ್ಲ ನೋಡಿ.

ಕಂಪನಿ ಮತ್ತು ಹಟ

1896ರಲ್ಲಿ ಹೊಲೆರಿತ್ ತಮ್ಮದೇ ಕಂಪನಿ ಕಟ್ಟಿದರು. ಯಂತ್ರ ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆಯ ವಿಷಯದಲ್ಲಿ ಗಣತಿ ಇಲಾಖೆಗೂ ಅವರಿಗೂ ಜಗಳವಾಗಿ, 1910ರ ಗಣತಿಗೆ ಇಲಾಖೆ ಬೇರೆ ಯಂತ್ರ ಮಾಡಿಕೊಂಡಿತು. 1911ರಲ್ಲಿ ಅವರ ಕಂಪನಿ ಇನ್ನಷ್ಟು ಕಂಪನಿಗಳ ಜೊತೆ ವಿಲೀನವಾಯಿತು. ಅದೇ 1924ರಲ್ಲಿ ಐಬಿಎಂ ಎಂದು ಹೆಸರು ಬದಲಿಸಿಕೊಂಡಿತು. ಹೊಲೆರಿತ್ 1929ರ ನವೆಂಬರ್ 17ರಂದು ತೀರಿಕೊಂಡರು.

14 ವರ್ಷದ ವಿಧುರರು

ಅವರು ಹೋದ ಮೇಲೂ ಕಾರ್ಡುಗಳು ದಶಕಗಳ ಕಾಲ ಉಳಿದವು, ತಪ್ಪುಗಳೂ ಉಳಿದವು. 1950ರ ಅಮೆರಿಕದ ಗಣತಿಯಲ್ಲಿ ಒಂದು ವಿಚಿತ್ರ ಕಾಣಿಸಿತು. ಹೆಂಡತಿಯನ್ನು ಕಳೆದುಕೊಂಡ 14 ವರ್ಷದ ಹುಡುಗರು ಬಹಳ ಜನ ಇದ್ದರು! ವಯಸ್ಸು ಹೆಚ್ಚಿದಂತೆ ವಿಧುರರು ಹೆಚ್ಚಬೇಕು. ಇಲ್ಲಿ ಹದಿಹರೆಯ ದಾಟುವವರೆಗೆ ಕಡಿಮೆಯಾಗುತ್ತಿದ್ದರು. ಕೆಲವು ವಯಸ್ಸಿನ ಮೂಲನಿವಾಸಿಗಳ ಸಂಖ್ಯೆಯೂ ಅಸಹಜವಾಗಿತ್ತು.

1962ರಲ್ಲಿ ಆನ್ಸ್ಲಿ ಕೋಲ್ ಮತ್ತು ಫ್ರೆಡರಿಕ್ ಸ್ಟೀಫನ್ ಎಂಬ ಇಬ್ಬರು ವಿದ್ವಾಂಸರು ಕಾರಣ ಬಿಡಿಸಿಟ್ಟರು. ಕೆಲವೇ ಕೆಲವು ಕಾರ್ಡುಗಳಲ್ಲಿ ತೂತುಗಳು ಒಂದು ಕಾಲಂ ಬಲಕ್ಕೆ ಸರಿದಿದ್ದವು. ಒಂದು ಪ್ರಶ್ನೆಯ ಉತ್ತರ ಇನ್ನೊಂದರ ಉತ್ತರವಾಗಿ ಓದಲ್ಪಟ್ಟಿತ್ತು. ಕೋಟಿಗಟ್ಟಲೆ ಕಾರ್ಡುಗಳಲ್ಲಿ ಇದು ಏನೂ ಅಲ್ಲ. ಆದರೆ 14 ವರ್ಷದ ವಿಧುರರಂಥ ಪುಟ್ಟ ಗುಂಪಿನಲ್ಲಿ ಆ ಕೆಲವೇ ಕಾರ್ಡುಗಳು ಇಡೀ ಚಿತ್ರ ಕೆಡಿಸಿದವು. ಯಂತ್ರ ಯಾಕೆ ತಡೆಯಲಿಲ್ಲ? ಯಾಕೆಂದರೆ ಸರಿದ ಮೇಲೂ ಪ್ರತಿ ತೂತು ಒಪ್ಪಬಹುದಾದ ಜಾಗದಲ್ಲೇ ಇತ್ತು.

ಇಲ್ಲೇ ಇರುವುದು ಮುಖ್ಯ ಪಾಠ. ಗಂಟೆ ಹೊಡೆಯದಿದ್ದರೆ ತಪ್ಪು ಇದೆ ಎಂದು ಗೊತ್ತಾಗುತ್ತದೆ. ಗಂಟೆ ಹೊಡೆದರೆ ಸರಿ ಇದೆ ಎಂದಲ್ಲ, ರೂಪ ಸರಿ ಇದೆ ಎಂದಷ್ಟೇ.

ಹಾಗಾದರೆ ನಾವು ಏನು ನೋಡಬೇಕು?

ನೀವು ಅಥವಾ ನಿಮ್ಮ ಮನೆಯ ಮಕ್ಕಳು ಮಾಡೆಲ್ ಮಾಡುತ್ತಿದ್ದರೆ ಇಷ್ಟು ನೆನಪಿಡಿ.

1. ಸಂಖ್ಯೆಯ ಕಾಲಂನಲ್ಲಿ 12,500 ಎಂಬ ಅಲ್ಪವಿರಾಮ ಅಥವಾ 45 ಕೆಜಿ ಎಂಬ ಪದ ಇದ್ದರೆ ಕಂಪ್ಯೂಟರ್ ಅದನ್ನು ಅಕ್ಷರವೆಂದು ಓದಬಹುದು. ಮೊದಲು ಪ್ರತಿ ಕಾಲಂನ ಬಗೆ ನೋಡಿ.

2. ಖಾಲಿ ಜಾಗಕ್ಕೆ 0 ಅಥವಾ -999 ತುಂಬಿದ್ದರೆ ಎರರ್ ಬರುವುದಿಲ್ಲ. ಮಾಡೆಲ್ ಅದನ್ನು ನಿಜವೆಂದೇ ಕಲಿಯುತ್ತದೆ. ರಕ್ತದೊತ್ತಡ 0 ಇರುವ ರೋಗಿ ಬದುಕಿರಲು ಸಾಧ್ಯವೇ?

3. ಕಲಿಸುವಾಗಿನ ಕಾಲಂಗಳ ಕ್ರಮ, ಪರೀಕ್ಷಿಸುವಾಗಿನ ಕ್ರಮ ಒಂದೇ ಇರಲಿ. ತೂಕದ ಜಾಗಕ್ಕೆ ಎತ್ತರ ಬಂದರೂ ಎರಡೂ ಸಂಖ್ಯೆಗಳೇ, ಮಾಡೆಲ್ ಸುಮ್ಮನೆ ಉತ್ತರ ಕೊಟ್ಟುಬಿಡಬಹುದು. 14 ವರ್ಷದ ವಿಧುರರು ಹುಟ್ಟಿದ್ದು ಹೀಗೆಯೇ.

4. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ದಿನಾಂಕ ಯಾವ ಕ್ರಮದಲ್ಲಿದೆ ಎಂದು ಬರೆದಿಡಿ.

5. ಎರರ್ ಬಂದ ಸಾಲನ್ನು ಅಳಿಸಿ ಮುಂದೆ ಹೋಗಬೇಡಿ. ಅಂಥ ಸಾಲುಗಳೆಲ್ಲ ಒಂದೇ ಊರಿನವೋ, ಒಂದೇ ಆಸ್ಪತ್ರೆಯವೋ ಆಗಿದ್ದರೆ ಆ ಜನರೇ ಲೆಕ್ಕದಿಂದ ಹೊರಗುಳಿಯುತ್ತಾರೆ.

ಕಾರ್ಡಿನಲ್ಲಿ ಜಾಗ ಉಳಿಸಲು ವರ್ಷವನ್ನು ಎರಡೇ ಅಂಕೆಯಲ್ಲಿ ಬರೆಯುವ ರೂಢಿ ಕಂಪ್ಯೂಟರ್‌ಗಳಿಗೂ ಬಂತು. 2000ನೇ ಇಸವಿ ಹತ್ತಿರ ಬಂದಾಗ ಅದೇ ವೈ2ಕೆ ಸಮಸ್ಯೆಯಾಯಿತು. ಅದನ್ನು ಸರಿಪಡಿಸುವ ಕೆಲಸದಿಂದ ಬೆಂಗಳೂರಿನ ಎಷ್ಟೋ ಕಂಪನಿಗಳು ಬೆಳೆದವು. ಫಾರ್ಮ್ಯಾಟ್ ಎಂಬ ಸಣ್ಣ ನಿರ್ಧಾರ ಎಷ್ಟು ದೂರ ಬರುತ್ತದೆ ನೋಡಿ.

ಮುಂದಿನ ಸಲ ಎಐ ಹೀಗೆ ಹೇಳಿದೆ ಎಂಬ ಫಾರ್ವರ್ಡ್ ಬಂದರೆ, ಹಂಚುವ ಮೊದಲು ಒಂದು ಪ್ರಶ್ನೆ ಕೇಳಿ: ಅದಕ್ಕೆ ಕೊಟ್ಟ ಕಾರ್ಡನ್ನು ಯಾರಾದರೂ ನೋಡಿದ್ದಾರಾ?