ಅಮ್ಮನ ಪಿತ್ತಕೋಶ ತೆರೆದ ಮಗ

ಕಳೆದ ಮಳೆಗಾಲದಲ್ಲಿ ನನ್ನ ಉಮ್ಮನಿಗೆ ಪಿತ್ತಕೋಶದ ಆಪರೇಶನ್ ಆಯಿತು. ಊಟವಾದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬರುತ್ತಿತ್ತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿಸುತ್ತಲೇ ತಿಂಗಳುಗಳನ್ನು ಕಳೆದೆವು. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಕಲ್ಲುಗಳು ಕಂಡವು. ಆಪರೇಶನ್‌ಗೆ ಮೊದಲು ಡಾಕ್ಟರು ಪಿತ್ತನಾಳದ್ದೇ ಇನ್ನೊಂದು ಸ್ಕ್ಯಾನ್ ಬರೆದುಕೊಟ್ಟರು. ಕಲ್ಲು ಇರುವುದು ಗೊತ್ತಾದ ಮೇಲೂ ಯಾಕೆ ಖರ್ಚು ಎಂದು ಅಣ್ಣ ಗೊಣಗಿದ. ನನಗೂ ಹಾಗೇ ಅನಿಸಿತ್ತು. ಆಸ್ಪತ್ರೆಯಲ್ಲಿ ಕಾಯುತ್ತ ಕೂತಾಗ ನಾನು ಓದಿದ್ದು ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಅವರ ಬದುಕನ್ನು.

ಅವರು ಹುಟ್ಟಿದ್ದು 1852ರಲ್ಲಿ, ನ್ಯೂಯಾರ್ಕಿನ ಶ್ರೀಮಂತ ಮನೆತನದಲ್ಲಿ. ಯೇಲ್ ಕಾಲೇಜಿನಲ್ಲಿ ಪುಸ್ತಕಕ್ಕಿಂತ ಫುಟ್‌ಬಾಲ್ ಮೇಲೇ ಪ್ರೀತಿ, ತಂಡಕ್ಕೆ ನಾಯಕ ಕೂಡ. (ನಮ್ಮ ಕ್ಲಾಸಿನ ಕೆಲವರಿಗೆ ಇದು ಸಮಾಧಾನ ತರಬಹುದು!) 1877ರಲ್ಲಿ ವೈದ್ಯ ಪದವಿ ಪಡೆದು, ಯುರೋಪಿನಲ್ಲಿ ಎರಡು ವರ್ಷ ಕಲಿತು ಬಂದರು. 1881ರಲ್ಲಿ ಹೆರಿಗೆಯ ನಂತರ ರಕ್ತಸ್ರಾವದಿಂದ ಸಾಯುವಂತಿದ್ದ ತಂಗಿಗೆ ತಮ್ಮದೇ ರಕ್ತ ಕೊಟ್ಟು ಉಳಿಸಿದರು. ರಕ್ತದ ಗುಂಪುಗಳೇ ಆಗ ಪತ್ತೆಯಾಗಿರಲಿಲ್ಲ.

ಮರುವರ್ಷ ಆಲ್ಬನಿಯಲ್ಲಿದ್ದ ತಾಯಿಗೆ ಜ್ವರ, ಕಾಮಾಲೆ, ಹೊಟ್ಟೆಯಲ್ಲಿ ಗಡ್ಡೆ. ರಾತ್ರಿ 2 ಗಂಟೆಗೆ ಅಡುಗೆಮನೆಯ ಮೇಜಿನ ಮೇಲೆ ತಾಯಿಯನ್ನು ಮಲಗಿಸಿ ಮಗನೇ ಹೊಟ್ಟೆ ಕೊಯ್ದರು. ಪಿತ್ತಕೋಶದಿಂದ ಕೀವು ಬಸಿದು ಏಳು ಕಲ್ಲುಗಳನ್ನು ತೆಗೆದರು. ತಾಯಿ ಚೇತರಿಸಿಕೊಂಡರು. ಪಿತ್ತಕೋಶವನ್ನೇ ಪೂರ್ತಿ ತೆಗೆಯುವ ಮೊದಲ ಆಪರೇಶನ್ ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಕ್ ಮಾಡಿದ್ದೂ ಅದೇ 1882ರಲ್ಲಿ.

ಪಿತ್ತಕೋಶ ಇಲ್ಲದೆ ಬದುಕುವುದು ಹೇಗೆ ಎಂದು ಉಮ್ಮನಿಗೂ ಹೆದರಿಕೆಯಿತ್ತು. ಪಿತ್ತರಸವನ್ನು ತಯಾರಿಸುವುದು ಯಕೃತ್ತು, ಪಿತ್ತಕೋಶವಲ್ಲ. ಅದು ಬರೀ ಸಂಗ್ರಹದ ಚೀಲ. ಸುಮಾರು 50 ಮಿಲಿಲೀಟರ್ ಹಿಡಿಯುವ ಆ ಚೀಲ ರಸದ ನೀರನ್ನು ಹೀರಿ ಗಟ್ಟಿಮಾಡಿ, ಜಿಡ್ಡಿನ ಊಟ ಕರುಳಿಗೆ ಬಂದಾಗ ಹಿಂಡಿಬಿಡುತ್ತದೆ. ಚೀಲ ತೆಗೆದರೆ ರಸ ನೇರ ಕರುಳಿಗೆ ಹನಿಯುತ್ತದೆ, ಅಷ್ಟೇ. ಆದರೆ ನಾಳದ ವಿಷಯ ಹಾಗಲ್ಲ. ಅಲ್ಲಿ ಒಂದೇ ಒಂದು ಕಲ್ಲು ಸಿಕ್ಕಿಕೊಂಡರೂ ರಸ ಹಿಂದಕ್ಕೆ ತುಂಬಿ ಕಣ್ಣು ಹಳದಿಯಾಗುತ್ತದೆ, ಸೋಂಕು ಏರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕರುಳಿನಿಂದ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

ಹಾಲ್‌ಸ್ಟೆಡ್ ಅವರಿಗೆ ಮುಂದೆ ಕೆಟ್ಟ ದಿನಗಳು ಬಂದವು. ನೋವು ಮರಗಟ್ಟಿಸಲು ಕೊಕೇನ್ ಬಳಸುವುದನ್ನು 1884ರಿಂದ ತಮ್ಮ ಮೈಮೇಲೇ ಪ್ರಯೋಗಿಸಿ ಅದಕ್ಕೆ ದಾಸರಾದರು. ಆಮೇಲೆ ಅಂಟಿಕೊಂಡ ಮಾರ್ಫಿನ್ ಕೊನೆಯವರೆಗೂ ಬಿಡಲಿಲ್ಲ. ಅಂಥ ಮನುಷ್ಯ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮುಖ್ಯ ಸರ್ಜನ್ ಆಗಿ ಒಂದು ಪೀಳಿಗೆಯ ಶಸ್ತ್ರವೈದ್ಯರನ್ನು ತಯಾರು ಮಾಡಿದ್ದು ನನಗೆ ಈಗಲೂ ಅಚ್ಚರಿ. ಔಷಧಿ ನೀರಿನಿಂದ ಕೈ ಸುಟ್ಟಂತಾಗಿದ್ದ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗಾಗಿ ಅವರು ತೆಳು ರಬ್ಬರ್ ಗ್ಲೌಸ್ ಮಾಡಿಸಿದರು. 1890ರಲ್ಲಿ ಅವರನ್ನೇ ಮದುವೆಯಾದರು. ಆಪರೇಶನ್ ಕೋಣೆಯಲ್ಲಿ ಗ್ಲೌಸ್ ಹರಡಿದ್ದು ಅಲ್ಲಿಂದ.

ತಾಯಿಯ ಕಾಯಿಲೆ ಮಗನಿಗೂ ಬಂತು. 1919ರಲ್ಲಿ ಅವರ ಪಿತ್ತಕೋಶ ತೆಗೆದರು. ಮೂರು ವರ್ಷ ಬಿಟ್ಟು ನೋವು ಮರಳಿತು. ಈ ಬಾರಿ ಕಲ್ಲು ಇದ್ದದ್ದು ನಾಳದಲ್ಲಿ. ಅವರೇ ತರಬೇತಿ ಕೊಟ್ಟಿದ್ದ ಶಿಷ್ಯರು ಬಂದು ಆಪರೇಶನ್ ಮಾಡಿದರು. ಆದರೆ ನ್ಯುಮೋನಿಯಾ ಹಿಡಿದು 1922ರ ಸೆಪ್ಟೆಂಬರ್ 7ರಂದು ತೀರಿಕೊಂಡರು. 70 ತುಂಬಲು ಎರಡು ವಾರವಷ್ಟೇ ಇತ್ತು.

ಇದನ್ನು ಓದಿ ಮುಗಿಸಿದಾಗ ಎರಡನೇ ಸ್ಕ್ಯಾನ್ ಯಾಕೆಂದು ನನಗೆ ತಿಳಿಯಿತು. ಅಣ್ಣನಿಗೂ ಹೇಳಿದೆ. ಸಂಜೆ ರಿಪೋರ್ಟ್ ಬಂತು. ಉಮ್ಮನ ನಾಳದಲ್ಲಿ ಕಲ್ಲಿರಲಿಲ್ಲ.