ಇಂಗ್ಲಿಷ್ ಮೇಷ್ಟರು ಹೊತ್ತು ತಂದ ಕನ್ನಡದ ಗಂಟು

ಇಂಗ್ಲಿಷ್ ಎಂ.ಎ. ಮುಗಿಸಿರುವ ನನ್ನ ಅಣ್ಣನ ಮಗಳು ಜಪಾನಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಆ ದ್ವೀಪರಾಷ್ಟ್ರದಲ್ಲಿ ಇಂಗ್ಲಿಷೊಂದೇ ತನ್ನ ಬಂಡವಾಳ, ಕನ್ನಡದಿಂದ ಅಲ್ಲಿ ಯಾವ ಪ್ರಯೋಜನವೂ ಇಲ್ಲ ಎಂಬುದು ಅವಳ ತೀರ್ಮಾನ. ಡೆಟ್ರಾಯಿಟ್ ಬಳಿ ನೆಲೆಸಿರುವ ನನಗೆ ಆ ಮಾತು ಕೇಳಿದೊಡನೆ ನೆನಪಾದವರು, ಶಿಕಾಗೊದಲ್ಲಿ ಮೂರು ದಶಕ ಪಾಠ ಹೇಳಿದ ಎ.ಕೆ. ರಾಮಾನುಜನ್.

ಅವರು ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯೊಡನೆ ಇಂಗ್ಲಿಷ್, ತಾಯಿಯೊಡನೆ ತಮಿಳು, ಬೀದಿಗಿಳಿದರೆ ಕನ್ನಡ. ಹೀಗೆ ಮೂರು ಭಾಷೆಗಳ ನಡುವೆ ಬೆಳೆದರು. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಕೊಲ್ಲಂ, ಮಧುರೆ, ಬೆಳಗಾವಿ, ಬರೋಡಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ದುಡಿದರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿದ್ದಾಗ ತರಗತಿಯಲ್ಲಿ ಇಂಗ್ಲಿಷ್ ಕಾವ್ಯವನ್ನು ಬೋಧಿಸುತ್ತಲೇ, ಹೊರಗೆ ಕನ್ನಡದ ಜನಪದ ಕಥೆಗಳನ್ನೂ ಗಾದೆಗಳನ್ನೂ ಸಂಗ್ರಹಿಸುತ್ತಿದ್ದರು. ಅದರಿಂದ ಸಂಬಳ ಹೆಚ್ಚುವಂತಿರಲಿಲ್ಲ, ಬಡ್ತಿಯೂ ದೊರೆಯುವಂತಿರಲಿಲ್ಲ.

ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿತು, 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದರು. ಮೂವತ್ತರ ಹರೆಯದಲ್ಲಿ, ಮೇಷ್ಟರಾಗಿದ್ದವರು ಮತ್ತೆ ವಿದ್ಯಾರ್ಥಿಯಾದರು. 1963ರಲ್ಲಿ ಡಾಕ್ಟರೇಟ್ ತಂದುಕೊಟ್ಟ ಪ್ರಬಂಧದ ವಿಷಯ ಕನ್ನಡದ ವ್ಯಾಕರಣ.

ಅದಕ್ಕೆ ಒಂದು ವರ್ಷ ಮೊದಲೇ ಶಿಕಾಗೊ ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಂಡಿತ್ತು. ಅಲ್ಲಿಗೆ ಬೇಕಾಗಿದ್ದುದು ದ್ರಾವಿಡ ಭಾಷೆಗಳನ್ನು ಬಲ್ಲವರು. ಬಂದ ಹೊಸತರಲ್ಲಿ ಅಲ್ಲಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣವೊಂದನ್ನು ಅರಸುತ್ತಿದ್ದಾಗ ಸಂಗಂ ಕಾವ್ಯದ ಸಂಕಲನವೊಂದು ಅವರ ಕೈಗೆ ಸಿಕ್ಕಿತು. ಮನೆಮಾತು ತಮಿಳಾಗಿದ್ದರೂ ಆ ಕಾವ್ಯಪರಂಪರೆ ಅವರಿಗೆ ತೆರೆದುಕೊಂಡದ್ದು ಅಮೆರಿಕದಲ್ಲಿ. 1967ರಲ್ಲಿ ಆ ಕವಿತೆಗಳ ಇಂಗ್ಲಿಷ್ ಅನುವಾದ ಹೊರಬಂತು. 1973ರಲ್ಲಿ ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಜಗತ್ತಿನ ಓದುಗರ ಮುಂದಿಟ್ಟರು. 1976ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದರು. ಕನ್ನಡದ ಕವಿಯಾಗಿಯೂ ಅವರು ಬರೆಯುವುದನ್ನು ಬಿಡಲಿಲ್ಲ. ‘ಹೊಕ್ಕುಳಲ್ಲಿ ಹೂವಿಲ್ಲ’ ಸಂಕಲನ ಪ್ರಕಟವಾದದ್ದು 1969ರಲ್ಲಿ, ಶಿಕಾಗೊ ವಾಸದ ಕಾಲದಲ್ಲೇ. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಅವರನ್ನು ಅರಸಿ ಬಂದವು.

1993ರ ಜುಲೈ 13ರಂದು ಶಿಕಾಗೊದಲ್ಲಿ, ಶಸ್ತ್ರಚಿಕಿತ್ಸೆಗೆಂದು ನೀಡಿದ ಅರಿವಳಿಕೆ ಒಗ್ಗದೆ, ತಮ್ಮ 64ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಕೂಡಿಟ್ಟಿದ್ದ ಕನ್ನಡದ ಕಥೆಗಳು 1997ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಹೊರಬಂದವು.

ಹೊರಡುವವರೆಲ್ಲ ರಾಮಾನುಜನ್ ಆಗಲಾರರು ಎಂಬುದನ್ನು ನಾನು ಬಲ್ಲೆ. ದಕ್ಷಿಣ ಏಷ್ಯಾದ ಅಧ್ಯಯನಕ್ಕೆ ಅಮೆರಿಕದ ವಿಶ್ವವಿದ್ಯಾಲಯಗಳು ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿ ಅವರು ಇಲ್ಲಿಗೆ ಬಂದರು ಎಂಬುದೂ ನಿಜ. ಆದರೆ ಆ ಬಾಗಿಲು ತೆರೆದಾಗ ಅವರ ಕೈ ಬರಿದಾಗಿರಲಿಲ್ಲ. ಬೆಳಗಾವಿಯ ದಿನಗಳಲ್ಲಿ ಯಾರೂ ಕೇಳದೆಯೇ ಕಟ್ಟಿಕೊಂಡ ಗಂಟು ಅವರೊಡನಿತ್ತು.

ಆದ್ದರಿಂದ ಅಣ್ಣನ ಮಗಳಿಗೆ ಜಪಾನಿಗೆ ಹೋಗಬೇಡವೆಂದು ನಾನು ಹೇಳಲಿಲ್ಲ. ವೀಸಾ ಬರುವ ಮೊದಲು ಒಂದು ವಾರ ಊರಿಗೆ ಹೋಗಿ, ಅಜ್ಜಿಗೆ ನೆನಪಿರುವಷ್ಟು ಕಥೆಗಳನ್ನು ಬರೆದುಕೊಂಡು ಬಾ ಎಂದಷ್ಟೇ ಹೇಳಿದ್ದೇನೆ.